ಲೇಔಟ್ ಒಂದು, ಹ್ಯಾಂಡ್‌ಸೆಟ್ ನಾಲ್ಕು: ಎಂಜಿನ್ ಯಾರ ಕೈಯಲ್ಲಿ?

ಪ್ರಶ್ನೆ: ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ಮನೆ. ಮಹಡಿ ಕೋಣೆಯಲ್ಲಿ ಎಚ್‌ಒ ಅಳತೆಯ ಮಾಡೆಲ್ (ಆಟಿಕೆ) ರೈಲ್ವೆ ಲೇಔಟ್ ಮಾಡಿದ್ದೇನೆ. ಕೊಂಕಣ ರೈಲ್ವೆಯ ಹಾಗೆ ಒಂಟಿ ಹಳಿ, ಮೂರು ಸ್ಟೇಷನ್. ಓಡಿಸುವುದು ಡಿಸಿಸಿಯಲ್ಲಿ, ಅಂದರೆ ಹಳಿಯ ಮೂಲಕವೇ ಪ್ರತಿ ಎಂಜಿನ್‌ಗೆ ಬೇರೆ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ಪದ್ಧತಿಯಲ್ಲಿ. ಅದರ ಕಮಾಂಡ್ ಸ್ಟೇಷನ್ ಎಕ್ಸ್‌ಪ್ರೆಸ್‌ನೆಟ್ ಎಂಬ ಹ್ಯಾಂಡ್‌ಸೆಟ್ ಜೋಡಣೆಯದ್ದು. ಅದರ ಜೊತೆ ಬಂದ ಹ್ಯಾಂಡ್‌ಸೆಟ್ ಒಂದು, ಸೆಕೆಂಡ್‌ಹ್ಯಾಂಡ್‌ನಲ್ಲಿ ತೆಗೆದುಕೊಂಡದ್ದು ಇನ್ನೊಂದು. ರಜೆಯಲ್ಲಿ ಭಾವ, ಅಕ್ಕನ ಮಕ್ಕಳು ಬಂದರೆ ಲ್ಯಾಪ್‌ಟಾಪಿನ ಜೆಎಂಆರ್‌ಐ ಎಂಬ ಸಾಫ್ಟ್‌ವೇರ್ ಮೂಲಕ ಮೊಬೈಲಿನಲ್ಲೂ ಓಡಿಸುತ್ತೇವೆ. ನಾನೊಬ್ಬನೇ ಓಡಿಸಿದರೆ ಎಲ್ಲ ಸರಿ ಇರುತ್ತದೆ. ನಾಲ್ಕು ಜನ ಸೇರಿದರೆ ಗಲಾಟೆ. ಒಬ್ಬರು ನಾಬ್ ತಿರುಗಿಸಿದರೆ ಎರಡು ಎಂಜಿನ್ ಹೊರಡುತ್ತವೆ. ಓಡುವ ಗಾಡಿಯನ್ನು ಇನ್ನೊಬ್ಬರು ತೆಗೆದುಕೊಂಡರೆ ಸ್ಪೀಡ್ ಒಮ್ಮೆಲೇ ಹಾರುತ್ತದೆ. ಫೋನ್ ಬಂದರೆ ಗಾಡಿ ಹೇಳುವವರು ಕೇಳುವವರು ಇಲ್ಲದೆ ಓಡುತ್ತದೆ. ಹಳೆ ಹ್ಯಾಂಡ್‌ಸೆಟ್‌ನಲ್ಲಿ ಓಡಿಸಿದರೆ ಹೆಡ್‌ಲೈಟ್ ಮಿಣುಕುತ್ತದೆ. ನಿನ್ನೆ ಜೋಡಿಯಾಗಿ ಎಳೆದ ಎಂಜಿನ್ ಇವತ್ತು ಅಲುಗಾಡುವುದೇ ಇಲ್ಲ. ಕೆಲವೊಮ್ಮೆ ಎಲ್ಲರ ಗಾಡಿಯೂ ಒಟ್ಟಿಗೆ ನಿಲ್ಲುತ್ತದೆ. ದೊಡ್ಡ ಕಮಾಂಡ್ ಸ್ಟೇಷನ್ ತೆಗೆದುಕೊಳ್ಳಬೇಕಾ? ಇನ್ನೊಂದು ಹ್ಯಾಂಡ್‌ಸೆಟ್ ಕೊಳ್ಳುವುದಾದರೆ ಯಾವುದು?

ಉತ್ತರ: ನಮಸ್ಕಾರ. ದುಡ್ಡಿನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಮಾಂಡ್ ಸ್ಟೇಷನ್ ಬದಲಿಸುವುದು ಬೇಡ. ನೀವು ಬರೆದ ಯಾವ ತೊಂದರೆಗೂ ಅದು ಚಿಕ್ಕದಾಗಿರುವುದು ಕಾರಣವಲ್ಲ. ಎರಡು ಸಾವಿರದ ಸೆಟ್ಟೇ ಇರಲಿ, ಲಕ್ಷದ ಸೆಟ್ಟೇ ಇರಲಿ, ನಾಲ್ಕು ಜನ ಕೈಹಾಕಿದರೆ ಇದೇ ಗಲಾಟೆ ಆಗುತ್ತದೆ. ಎಂಜಿನ್ ಯಾರ ಕೈಯಲ್ಲಿದೆ, ಕೈ ಬದಲಾಗುವುದು ಎಲ್ಲಿ, ಹೇಗೆ ಅನ್ನುವುದು ತೀರ್ಮಾನ ಆಗಿಲ್ಲ. ಅದನ್ನು ಯಾವ ಪೆಟ್ಟಿಗೆಯೂ ನಿಮಗಾಗಿ ತೀರ್ಮಾನ ಮಾಡುವುದಿಲ್ಲ.

ಸ್ವಲ್ಪ ಒಳಗಿನ ಕತೆ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ತಲೆಗೆ ಹೋಗುವುದಿಲ್ಲ. ಹ್ಯಾಂಡ್‌ಸೆಟ್ ಯಾವತ್ತೂ ಎಂಜಿನ್ ಜೊತೆ ನೇರವಾಗಿ ಮಾತಾಡುವುದಿಲ್ಲ. 'ನಂಬರ್ ಇಷ್ಟರ ಎಂಜಿನ್‌ಗೆ ಇಷ್ಟು ಸ್ಪೀಡ್ ಕೊಡಿ' ಎಂದು ಕಮಾಂಡ್ ಸ್ಟೇಷನ್ನಿಗೆ ಅರ್ಜಿ ಹಾಕುತ್ತದೆ, ಅಷ್ಟೇ. ಕಮಾಂಡ್ ಸ್ಟೇಷನ್ ಒಳಗೆ ಒಂದು ಪಟ್ಟಿ ಇರುತ್ತದೆ: ಯಾವ ನಂಬರ್, ಎಷ್ಟು ಸ್ಪೀಡ್, ಯಾವ ದಿಕ್ಕು, ಯಾವ ಲೈಟು. ಆ ಪಟ್ಟಿಯನ್ನು ಅದು ಹಳಿಯ ಮೇಲೆ ಮತ್ತೆ ಮತ್ತೆ ಓದಿ ಹೇಳುತ್ತಾ ಇರುತ್ತದೆ. ಡಿಸಿಸಿಯಲ್ಲಿ 'ಒಂದು' ಅನ್ನುವ ಬಿಟ್‌ನ ಪ್ರತಿ ಅರ್ಧ 58 ಮೈಕ್ರೋಸೆಕೆಂಡ್. 'ಸೊನ್ನೆ'ಯ ಪ್ರತಿ ಅರ್ಧ 100 ಅಥವಾ ಜಾಸ್ತಿ. ಲೆಕ್ಕ ಹಾಕಿದರೆ ಒಂದು ಸ್ಪೀಡ್ ಆಜ್ಞೆ ಹಳಿಗೆ ಹೋಗಲು ಸುಮಾರು 8 ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೆ ನೂರಕ್ಕೂ ಜಾಸ್ತಿ. ನಾಲ್ಕು ಜನ ಒಟ್ಟಿಗೆ ನಾಬ್ ತಿರುಗಿಸಿದರೂ ಅದಕ್ಕೆ ಬೆವರು ಬರುವುದಿಲ್ಲ.

ಹೀಗಾಗಿ ಹ್ಯಾಂಡ್‌ಸೆಟ್ ಪ್ಲಗ್ ಕಿತ್ತರೂ ಗಾಡಿ ಓಡುತ್ತಲೇ ಇರುತ್ತದೆ. ಕೊನೆಗೆ ಬರೆದ ಸ್ಪೀಡ್ ಪಟ್ಟಿಯಲ್ಲಿ ಹಾಗೇ ಇದೆಯಲ್ಲ. ಹೊಸಬರಿಗೆ ಇದು ಗಾಬರಿ ಹುಟ್ಟಿಸುತ್ತದೆ. ನಿಜವಾಗಿ ಇದೊಂದು ಅನುಕೂಲ. ಗಾಡಿ ಓಡುತ್ತಿರುವಾಗಲೇ ವೈರ್ ಕಿತ್ತು, ಲೇಔಟ್‌ನ ಇನ್ನೊಂದು ಬದಿಗೆ ನಡೆದು, ಅಲ್ಲಿನ ಸಾಕೆಟ್‌ಗೆ ಚುಚ್ಚಬಹುದು. ಒಂದೇ ಎಚ್ಚರಿಕೆ: ಎನ್‌ಸಿಇ ಪವರ್ ಕ್ಯಾಬ್‌ನಂಥ ಸೆಟ್‌ಗಳಲ್ಲಿ ಮೊದಲ ಹ್ಯಾಂಡ್‌ಸೆಟ್‌ನ ಒಳಗೇ ಕಮಾಂಡ್ ಸ್ಟೇಷನ್ ಕೂತಿರುತ್ತದೆ. ಅದನ್ನು ಕಿತ್ತರೆ ಎಲ್ಲರ ಗಾಡಿಯೂ ನಿಂತಿತು. ನಿಮ್ಮದು ಹಾಗಲ್ಲ.

ಇನ್ನೊಂದು ವಿಷಯ. ಜರ್ಮನಿಯ ಲೆಂಜ್ ಕಂಪನಿಯ ಪದ್ಧತಿಯನ್ನು ಆಧಾರ ಮಾಡಿಕೊಂಡು ಅಮೆರಿಕದ ಎನ್‌ಎಂಆರ್‌ಎ ಸಂಸ್ಥೆ 1990ರ ದಶಕದಲ್ಲಿ ಡಿಸಿಸಿಗೆ ಮಾನದಂಡ ಮಾಡಿತು. ಆ ಮಾನದಂಡ ಹಳಿಯ ಕಡೆಗೆ ಮಾತ್ರ. ಯಾರ ಡಿಕೋಡರ್ (ಎಂಜಿನ್ ಒಳಗೆ ಕೂತು ಆಜ್ಞೆ ಓದುವ ಚಿಪ್) ಬೇಕಾದರೂ ಯಾರ ಕಮಾಂಡ್ ಸ್ಟೇಷನ್ನಿಗೂ ಹೊಂದುತ್ತದೆ. ಹ್ಯಾಂಡ್‌ಸೆಟ್ ಕಡೆಯದ್ದನ್ನು ಆಯಾ ಕಂಪನಿಗೇ ಬಿಟ್ಟರು. ಅದಕ್ಕೇ ಲೆಂಜ್, ರೋಕೋದವರದ್ದು ಎಕ್ಸ್‌ಪ್ರೆಸ್‌ನೆಟ್, ಡಿಜಿಟ್ರಾಕ್ಸ್‌ದು ಲೋಕೋನೆಟ್, ಎನ್‌ಸಿಇಯದ್ದು ಕ್ಯಾಬ್ ಬಸ್. ಒಂದರ ಹ್ಯಾಂಡ್‌ಸೆಟ್ ಇನ್ನೊಂದಕ್ಕೆ ಆಗುವುದಿಲ್ಲ. ಸಾಕೆಟ್ ನೋಡಲು ಒಂದೇ ಥರ ಇದ್ದರೂ ಚುಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ, ಒಳಗಿನ ತಂತಿಗಳ ಕೆಲಸವೇ ಬೇರೆ.

ಈಗ ನಿಮ್ಮ ತೊಂದರೆಗಳಿಗೆ ಬರುತ್ತೇನೆ. ಸುಲಭದ್ದು ಮೊದಲು.

ಒಂದು ನಾಬ್‌ಗೆ ಎರಡು ಎಂಜಿನ್ ಹೊರಡುವುದು ಅಂದರೆ ಎರಡಕ್ಕೂ ಒಂದೇ ನಂಬರ್. ಹೊಸ ಡಿಕೋಡರ್ ಎಲ್ಲವೂ 3 ಎಂಬ ನಂಬರ್ ಹೊತ್ತೇ ಬರುತ್ತವೆ. ಒಂದೊಂದನ್ನೇ ಪ್ರೋಗ್ರಾಮಿಂಗ್ ಹಳಿಗೆ (ಡಿಕೋಡರ್ ಸೆಟ್ಟಿಂಗ್ ಬದಲಿಸಲು ಬೇರೆ ಇಟ್ಟ ಹಳಿಯ ತುಂಡು) ಇಟ್ಟು ಬೇರೆ ನಂಬರ್ ಕೊಡಿ. 3ನ್ನು ಯಾವ ಎಂಜಿನ್‌ಗೂ ಇಟ್ಟುಕೊಳ್ಳಬೇಡಿ. ಆಗ ನಾಳೆ ಹೊಸ ಎಂಜಿನ್ ತಂದಾಗ ಜಗಳ ಇರುವುದಿಲ್ಲ. ಎಂಜಿನ್ ಮೈಮೇಲೆ ಬರೆದ ನಂಬರನ್ನೇ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು, ಮಕ್ಕಳಿಗೂ ಕೇಳಬೇಕಾಗಿಲ್ಲ, ನೋಡಿ ಒತ್ತುತ್ತಾರೆ. ಆದರೆ ನಮ್ಮ ರೈಲ್ವೆಯ ಡೀಸೆಲ್, ಎಲೆಕ್ಟ್ರಿಕ್ ಎಂಜಿನ್‌ಗಳ ನಂಬರ್ ಐದು ಅಂಕಿಯದ್ದು. ಡಿಸಿಸಿಯಲ್ಲಿ ನಂಬರ್ 10239ಕ್ಕೆ ಮುಗಿಯುತ್ತದೆ. ಹಾಗಾಗಿ ಕೊನೆಯ ನಾಲ್ಕು ಅಂಕಿ ತೆಗೆದುಕೊಳ್ಳಿ.

ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ಕಾಲಿಡಿ. ಎಂಜಿನ್ ನಂಬರ್ 40112 ಎಂದಿಟ್ಟುಕೊಳ್ಳಿ. ಕೊನೆಯ ನಾಲ್ಕು ತೆಗೆದರೆ 0112, ಅಂದರೆ 112. ಎಂಜಿನ್ ನಂಬರನ್ನೇ ವಿಳಾಸ ಎನ್ನುತ್ತಾರೆ. ಮಾನದಂಡದ ಪ್ರಕಾರ 127ರ ವರೆಗೆ ಚಿಕ್ಕ ವಿಳಾಸ. ಡಿಜಿಟ್ರಾಕ್ಸ್ ಇದನ್ನೇ ಪಾಲಿಸುತ್ತದೆ. ಲೆಂಜ್ ಕಡೆಯವರು 99ಕ್ಕೇ ಚಿಕ್ಕದ್ದು ಮುಗಿಸಿ 100ರಿಂದ ದೊಡ್ಡ ವಿಳಾಸ ಎನ್ನುತ್ತಾರೆ. ಹಾಗಾಗಿ 100ರಿಂದ 127ರ ನಡುವಿನ ನಂಬರ್ ಇರುವ ಎಂಜಿನ್ ನಿಮ್ಮಲ್ಲಿ ಚೆನ್ನಾಗಿ ಓಡುತ್ತದೆ, ಸ್ನೇಹಿತರ ಲೇಔಟ್‌ಗೆ ಒಯ್ದರೆ ಸುಮ್ನೆ ನಿಲ್ಲುತ್ತದೆ. ಆ ನಡುವಿನ ನಂಬರ್‌ಗಳನ್ನು ಮುಟ್ಟಲೇಬೇಡಿ.

ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್‌ನ ಮೋಟರ್‌ಗಳ ನಂಬರ್ ಬೇರೆಯೇ ಲೆಕ್ಕ. 5ನೇ ಪಾಯಿಂಟ್‌ಗೂ 5ನೇ ಎಂಜಿನ್‌ಗೂ ಸಂಬಂಧ ಇಲ್ಲ, ಅದರ ಚಿಂತೆ ಬಿಡಿ.

ಹೆಡ್‌ಲೈಟ್ ಮಿಣುಕುವುದು ಸ್ಪೀಡ್ ಸ್ಟೆಪ್, ಅಂದರೆ ಸ್ಪೀಡನ್ನು ಎಷ್ಟು ಮೆಟ್ಟಿಲು ಮಾಡಿದ್ದಾರೆ ಅನ್ನುವುದು, ತಾಳೆಯಾಗದ್ದರಿಂದ. ಹಳೆ ಹ್ಯಾಂಡ್‌ಸೆಟ್‌ನಲ್ಲಿ ಆ ಎಂಜಿನ್‌ಗೆ 28 ಸ್ಟೆಪ್ ಇರಬೇಕು, ಡಿಕೋಡರ್ 14 ಸ್ಟೆಪ್‌ನಲ್ಲಿ ಇರಬೇಕು. 14ರ ಪದ್ಧತಿಯಲ್ಲಿ ಹೆಡ್‌ಲೈಟ್‌ಗೆ ಮೀಸಲಾದ ಬಿಟ್ಟನ್ನೇ 28ರಲ್ಲಿ ಸ್ಪೀಡ್‌ಗೆ ಬಳಸುತ್ತಾರೆ. ಹಾಗಾಗಿ ಸ್ಪೀಡ್ ಒಂದೊಂದೇ ಮೆಟ್ಟಿಲು ಏರಿದಂತೆ ಲೈಟು ಹೊತ್ತಿ ಆರುತ್ತದೆ. ಎಲ್ಲ ಕಡೆ 128 ಮಾಡಿ. ಹಳೆ ಹ್ಯಾಂಡ್‌ಸೆಟ್‌ಗೆ ಅದು ಬರದಿದ್ದರೆ ಎಲ್ಲ ಕಡೆ 28. ನಾಲ್ಕು ಹ್ಯಾಂಡ್‌ಸೆಟ್‌ನಲ್ಲೂ ಒಂದೇ ಇರಬೇಕು, ಅದು ಮುಖ್ಯ.

ಆ ಸೆಕೆಂಡ್‌ಹ್ಯಾಂಡ್‌ದರಲ್ಲಿ ಇನ್ನೊಂದನ್ನೂ ನೋಡಿ. ಎಕ್ಸ್‌ಪ್ರೆಸ್‌ನೆಟ್‌ನಲ್ಲಿ ಹ್ಯಾಂಡ್‌ಸೆಟ್‌ಗೂ ಒಂದು ನಂಬರ್ ಇದೆ, 1ರಿಂದ 31. ಎಂಜಿನ್ ನಂಬರ್ ಬೇರೆ, ಇದು ಬೇರೆ. ಕಮಾಂಡ್ ಸ್ಟೇಷನ್ ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ ಒಂದೊಂದೇ ನಂಬರ್ ಕೂಗುತ್ತಾ ಹೋಗುತ್ತದೆ, ಕರೆದವರು ಮಾತ್ರ ಬಾಯಿ ಬಿಡಬೇಕು. ಎರಡು ಹ್ಯಾಂಡ್‌ಸೆಟ್‌ಗೆ ಒಂದೇ ನಂಬರ್ ಇದ್ದರೆ ಇಬ್ಬರೂ ಒಟ್ಟಿಗೆ ಕೂಗುತ್ತಾರೆ, ಕಮಾಂಡ್ ಸ್ಟೇಷನ್ನಿಗೆ ಇಬ್ಬರದ್ದೂ ತಿಳಿಯುವುದಿಲ್ಲ. ಗುಂಡಿ ಒತ್ತಿದರೆ ಒಂದು ಸಲ ಕೆಲಸ ಮಾಡುತ್ತದೆ, ಇನ್ನೊಂದು ಸಲ ಮಾಡುವುದಿಲ್ಲ, ಸ್ಕ್ರೀನ್ ಮೇಲೆ ಎರರ್ ಬಂದು ಹೋಗುತ್ತದೆ. ಜನ ಇದನ್ನು 'ಹ್ಯಾಂಡ್‌ಸೆಟ್ ಹಾಳಾಗಿದೆ' ಎಂದು ಮೂಲೆಗೆ ಹಾಕುತ್ತಾರೆ. ಮಾರುವವರೂ ಹಾಗೆಂದೇ ಕಡಿಮೆಗೆ ಮಾರುತ್ತಾರೆ, ನಿಮಗೆ ಲಾಭ! ಎನ್‌ಸಿಇಯಲ್ಲೂ ಇದೇ ನಿಯಮ, ಪ್ರತಿ ಕ್ಯಾಬ್‌ಗೂ (ಹ್ಯಾಂಡ್‌ಸೆಟ್‌ಗೆ ಅವರ ಹೆಸರು) ಬೇರೆ ನಂಬರ್ ಬೇಕು. ಪ್ರತಿ ಹ್ಯಾಂಡ್‌ಸೆಟ್‌ನ ಬೆನ್ನಿಗೆ ಅದರ ನಂಬರಿನ ಚೀಟಿ ಅಂಟಿಸಿಡಿ.

ಇನ್ನು ನಿಜವಾದ ವಿಷಯ: ಓಡುವ ಎಂಜಿನ್ ಕೈ ಬದಲಾಗುವುದು.

ಒಂದೇ ಎಂಜಿನ್ ಮೇಲೆ ಇಬ್ಬರು ಹಕ್ಕು ಹೇಳಿದರೆ ಏನು ಮಾಡಬೇಕು ಅನ್ನುವುದಕ್ಕೆ ಒಂದೊಂದು ಪದ್ಧತಿಯವರದ್ದು ಒಂದೊಂದು ಸ್ವಭಾವ. ಲೋಕೋನೆಟ್ ಕಟ್ಟುನಿಟ್ಟು. ಪ್ರತಿ ಎಂಜಿನ್‌ಗೂ ಕಮಾಂಡ್ ಸ್ಟೇಷನ್ನಿನಲ್ಲಿ ಒಂದು ಸ್ಲಾಟ್. ಆ ಸ್ಲಾಟ್ ಬಳಕೆಯಲ್ಲಿದ್ದರೆ ಎರಡನೆಯವರ ಹ್ಯಾಂಡ್‌ಸೆಟ್ 'ಇದನ್ನು ಕಸಿದುಕೊಳ್ಳಬೇಕಾ?' ಎಂದು ಕೇಳುತ್ತದೆ. ಹೌದು ಎಂದರೆ ಇಬ್ಬರ ಕೈಯಲ್ಲೂ ಒಂದೇ ಎಂಜಿನ್! ಮೊದಲಿನವರು ಸರಿಯಾಗಿ ಬಿಡುಗಡೆ ಮಾಡಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ. ಹ್ಯಾಂಡ್‌ಸೆಟ್ ಕಿತ್ತು ಮರೆತುಬಿಟ್ಟರೆ ಸುಮಾರು 200 ಸೆಕೆಂಡ್ ಬಿಟ್ಟು ಕಮಾಂಡ್ ಸ್ಟೇಷನ್ ತಾನೇ ಆ ಹಕ್ಕನ್ನು ಸಡಿಲಿಸುತ್ತದೆ. ಗಾಡಿ ಮಾತ್ರ ಆಗಲೂ ಓಡುತ್ತಿರಬಹುದು, ಸೆಟ್ಟಿಂಗ್ ಹೇಗಿದೆಯೋ ಹಾಗೆ.

ನಿಮ್ಮ ಎಕ್ಸ್‌ಪ್ರೆಸ್‌ನೆಟ್ ಅಷ್ಟು ಕಟ್ಟುನಿಟ್ಟಲ್ಲ. ಯಾರು ಕೊನೆಗೆ ಆಜ್ಞೆ ಕೊಟ್ಟರೋ ಎಂಜಿನ್ ಅವರದ್ದು. ಕಳೆದುಕೊಂಡವರ ಹ್ಯಾಂಡ್‌ಸೆಟ್‌ಗೆ 'ನಿಮ್ಮ ಎಂಜಿನ್ ಈಗ ಬೇರೆಯವರ ಕೈಯಲ್ಲಿದೆ' ಎಂದು ಸುದ್ದಿ ಹೋಗುತ್ತದೆ, ಸ್ಕ್ರೀನ್ ಮಿನುಗಿ ತಿಳಿಸುತ್ತದೆ. ಆದರೆ ಸ್ಕ್ರೀನ್ ಯಾರು ನೋಡುತ್ತಾರೆ? ಕಣ್ಣು ಗಾಡಿಯ ಮೇಲೆ ಇರುತ್ತದೆ. ಗಾಡಿ ನಿಧಾನ ಆಯಿತಲ್ಲ ಎಂದು ಇವರು ನಾಬ್ ಏರಿಸುತ್ತಾರೆ. ಎಂಜಿನ್ ಮತ್ತೆ ಇವರದ್ದಾಯಿತು. ಆ ಕಡೆ ಭಾವ ಸ್ಟೇಷನ್ ಬಂತೆಂದು ಇಳಿಸುತ್ತಾರೆ, ಮತ್ತೆ ಅವರದ್ದು. ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ, ಇಬ್ಬರೂ ಡಿಕೋಡರಿಗೆ ಬೈಯುತ್ತಾರೆ.

ರೋಕೋದ ಜ಼ೆಡ್21 ಇನ್ನೂ ಉದಾರಿ. ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ಒಂದೇ ಎಂಜಿನ್ ಹಿಡಿಯಬಹುದು, ಹೊಸ ಸ್ಪೀಡ್ ಎಷ್ಟೆಂದು ಎಲ್ಲರಿಗೂ ತಿಳಿಸುತ್ತಾ ಹೋಗುತ್ತದೆ. ಆರ್ಡುಯಿನೋ ಮೆಗಾ ಬೋರ್ಡ್ ಮೇಲೆ ಮಾಡಿಕೊಳ್ಳುವ ಡಿಸಿಸಿ-ಇಎಕ್ಸ್ ಕೂಡ ಇದೇ ಜಾತಿ. ನನಗೆ ಈ ಉದಾರಿಗಳೇ ಇಷ್ಟ. ಕಸಿದುಕೊಳ್ಳಬೇಕಾ ಎಂದು ಕೇಳುವ ಪೆಟ್ಟಿಗೆಯ ಮುಂದೆ ಹತ್ತು ವರ್ಷದ ಹುಡುಗ ಏನು ಒತ್ತುತ್ತಾನೆ ಹೇಳಿ?

ಹಾಗಾದರೆ ಹಕ್ಕು ಯಾರದ್ದು ಅನ್ನುವುದು ಪೆಟ್ಟಿಗೆಯ ಹೊರಗೆ ತೀರ್ಮಾನ ಆಗಬೇಕು. ನಿಜವಾದ ರೈಲ್ವೆಯವರು ಇದನ್ನು ಯಾವತ್ತೋ ಮಾಡಿಟ್ಟಿದ್ದಾರೆ. ಒಂಟಿ ಹಳಿಯ ಸೆಕ್ಷನ್‌ಗಳಲ್ಲಿ ನೀಲ್ಸ್ ಬಾಲ್ ಟೋಕನ್ ಎಂದಿತ್ತು. ಉಕ್ಕಿನ ಚೆಂಡು, ಅದಕ್ಕೊಂದು ಚರ್ಮದ ಚೀಲ, ಚೀಲಕ್ಕೊಂದು ದೊಡ್ಡ ಬಳೆ. ಆ ಚೆಂಡು ಡ್ರೈವರ್ ಕೈಯಲ್ಲಿ ಇಲ್ಲದಿದ್ದರೆ ಮುಂದಿನ ಸ್ಟೇಷನ್ನಿಗೆ ಹೋಗುವ ಹಾಗಿಲ್ಲ. ನೀವೂ ಅದನ್ನೇ ಮಾಡಿ. ಪ್ರತಿ ಎಂಜಿನ್‌ಗೆ ಒಂದು ಕಾರ್ಡ್. ಮೇಲೆ ನಂಬರ್, ಎಂಜಿನ್ನಿನ ಫೋಟೋ, ಹಾರ್ನ್ ಯಾವ ಗುಂಡಿ, ಲೈಟು ಯಾವ ಗುಂಡಿ. ಲ್ಯಾಮಿನೇಟ್ ಮಾಡಿಸಿ, ನಮ್ಮ ಮಳೆಗಾಲದಲ್ಲಿ ಬರೀ ರಟ್ಟು ಬೂಸ್ಟು ಹಿಡಿಯುತ್ತದೆ. ಕಾರ್ಡ್ ಯಾರ ಕೈಯಲ್ಲಿದೆಯೋ ಎಂಜಿನ್ ಅವರದ್ದು. ಕಾರ್ಡ್ ಇಲ್ಲದೆ ನಂಬರ್ ಒತ್ತುವ ಹಾಗಿಲ್ಲ. ಇಷ್ಟೇ ನಿಯಮ, ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಕೈ ಬದಲಾಗುವುದು ನಿಂತ ಗಾಡಿಯಲ್ಲಿ ಮಾತ್ರ ಅನ್ನುವುದು ಎರಡನೇ ನಿಯಮ. ನಿಮ್ಮ ಲೇಔಟ್‌ನ ನಡುವಿನ ಸ್ಟೇಷನ್ನಿಗೆ ಇನ್ನಂಜೆ ಎಂದೋ ಬಾರ್ಕೂರು ಎಂದೋ ಹೆಸರಿಟ್ಟಿರಬಹುದು. ಗಾಡಿ ಅಲ್ಲಿನ ಲೂಪ್‌ಗೆ (ಸ್ಟೇಷನ್ನಿನ ಪಕ್ಕದ ಹಳಿಗೆ) ಬರುತ್ತದೆ. ಓಡಿಸುತ್ತಿದ್ದವರು ಸ್ಪೀಡ್ ಸೊನ್ನೆ ಮಾಡುತ್ತಾರೆ. ಸೊನ್ನೆ ಅಂದರೆ ಸ್ಕ್ರೀನ್ ಮೇಲೆ ಸೊನ್ನೆ, 'ಸುಮಾರು ನಿಂತಿದೆ' ಅಲ್ಲ. ಆಮೇಲೆ ಆ ಎಂಜಿನ್ನನ್ನು ಹ್ಯಾಂಡ್‌ಸೆಟ್‌ನಿಂದ ಬಿಡುತ್ತಾರೆ, ಅಥವಾ ಬೇರೆ ನಂಬರ್‌ಗೆ ಹೋಗುತ್ತಾರೆ. ಆಮೇಲೆ ಕಾರ್ಡ್ ಕೊಡುತ್ತಾರೆ. ತೆಗೆದುಕೊಂಡವರು ನಾಬ್ ಸೊನ್ನೆಯಲ್ಲಿದೆಯಾ ನೋಡಿ ನಂಬರ್ ಒತ್ತುತ್ತಾರೆ, ಒಮ್ಮೆ ಹಾರ್ನ್ ಹೊಡೆಯುತ್ತಾರೆ. ಹಾರ್ನ್ ಹೊಡೆದದ್ದು ಸರಿಯಾದ ಎಂಜಿನ್ನೇ ಆದರೆ ಹೊರಡಬಹುದು. ಸೌಂಡ್ ಇಲ್ಲದ ಎಂಜಿನ್ ಆದರೆ ಹೆಡ್‌ಲೈಟ್ ಆರಿಸಿ ಹೊತ್ತಿಸಿದರೂ ಆಯಿತು. ಈ ಒಂದು ಹಾರ್ನ್ ಎಷ್ಟೋ ಡಿಕ್ಕಿ ತಪ್ಪಿಸುತ್ತದೆ, ಯಾಕಂದ್ರೆ 4012 ಒತ್ತಬೇಕಾದಲ್ಲಿ 4021 ಒತ್ತಿದರೆ ಹೊರಡುವುದು ಸುರಂಗದೊಳಗೆ ನಿಂತಿರುವ ಬೇರೆ ಗಾಡಿ.

ಸ್ಪೀಡ್ ಹಾರುವುದಕ್ಕೆ ನಾಬ್‌ನ ಜಾತಿಯೂ ಕಾರಣ. ಕೆಲವು ನಾಬ್‌ಗಳಿಗೆ ಎರಡೂ ತುದಿಯಲ್ಲಿ ತಡೆ ಇರುತ್ತದೆ, ಹಳೆ ರೇಡಿಯೋ ವಾಲ್ಯೂಮ್‌ನದ್ದೇ ಪೊಟೆನ್ಶಿಯೋಮೀಟರ್. ಅದು ಎಲ್ಲಿ ನಿಂತಿದೆಯೋ ಅದೇ ಸ್ಪೀಡ್. ಅರ್ಧ ತಿರುಗಿ ನಿಂತ ನಾಬ್‌ನಲ್ಲಿ ನಿಧಾನ ಹೋಗುವ ಗಾಡಿಯನ್ನು ತೆಗೆದುಕೊಂಡು ಚೂರು ಮುಟ್ಟಿದರೆ ಸಾಕು, ಗಾಡಿ ಅರ್ಧ ಸ್ಪೀಡ್‌ಗೆ ಜಿಗಿಯುತ್ತದೆ. ಇನ್ನು ಕೆಲವು ನಾಬ್‌ಗಳು ತಡೆಯೇ ಇಲ್ಲದೆ ಸುತ್ತುತ್ತಲೇ ಇರುತ್ತವೆ, ಬೆರಳಿಗೆ ಸಣ್ಣ ಸಣ್ಣ ಕಟ್ ಕಟ್ ಸಿಗುತ್ತದೆ. ಅದು ಎನ್‌ಕೋಡರ್. ಅದಕ್ಕೆ ಸ್ವಂತ ಜಾಗ ಅಂತ ಇಲ್ಲ. ಕಮಾಂಡ್ ಸ್ಟೇಷನ್ನಿನಲ್ಲಿ ಈಗ ಎಷ್ಟಿದೆಯೋ ಅಲ್ಲಿಂದ ಏರಿಸುವುದು, ಇಳಿಸುವುದು. ಹತ್ತು ಇದ್ದರೆ ಒಂದು ಕಟ್‌ಗೆ ಹನ್ನೊಂದು, ಜಿಗಿತ ಇಲ್ಲ. ಹಲವರು ಓಡಿಸುವ ಲೇಔಟ್‌ಗೆ ಎನ್‌ಕೋಡರೇ ಸರಿ. ಇರುವುದು ಪೊಟೆನ್ಶಿಯೋಮೀಟರ್ ಆದರೆ ಡಿಕೋಡರ್‌ನ ಸಿವಿ 3 ಮತ್ತು ಸಿವಿ 4ನ್ನು ಸ್ವಲ್ಪ ಏರಿಸಿ (ಸಿವಿ ಅಂದರೆ ಡಿಕೋಡರ್ ಒಳಗಿನ ನಂಬರ್ ಹಾಕಿದ ಸೆಟ್ಟಿಂಗ್). ಸ್ಪೀಡ್ ಏರುವುದು, ಇಳಿಯುವುದು ಎರಡೂ ನಿಧಾನ ಆಗುತ್ತದೆ. ಸ್ವಲ್ಪ ಮಾತ್ರ. ಜಾಸ್ತಿ ಕೊಟ್ಟರೆ ನಿಲ್ಲಿಸಬೇಕಾದಲ್ಲಿ ಗಾಡಿ ನಿಲ್ಲುವುದಿಲ್ಲ, ಅದು ಇನ್ನೊಂದು ತಲೆನೋವು.

ಈಗ ಮೊಬೈಲ್. ಜೆಎಂಆರ್‌ಐ ಒಳಗೆ ಫೋನುಗಳನ್ನು ಸೇರಿಸಿಕೊಳ್ಳುವ ವೈಥ್ರಾಟಲ್ ಸರ್ವರ್ ಸಾಮಾನ್ಯವಾಗಿ 12090 ಪೋರ್ಟ್‌ನಲ್ಲಿ ಕೂತಿರುತ್ತದೆ, ಆಂಡ್ರಾಯ್ಡ್‌ನ ಎಂಜಿನ್ ಡ್ರೈವರ್ ಆ್ಯಪ್ ಅದಕ್ಕೆ ಸೇರುತ್ತದೆ. ಇವೆರಡರ ನಡುವೆ 'ನಾನಿದ್ದೇನೆ' ಎಂದು ಆಗಾಗ ಹೇಳುವ ಒಂದು ಮಿಡಿತ ಇರುತ್ತದೆ. ಜೆಎಂಆರ್‌ಐನ ವೈಥ್ರಾಟಲ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ಅವಧಿ 10 ಸೆಕೆಂಡ್ ಇರಲಿ. ಫೋನ್ ಕಡೆಯಿಂದ ಸದ್ದು ನಿಂತರೆ ಜೆಎಂಆರ್‌ಐ ಆ ಫೋನಿನ ಎಂಜಿನ್‌ಗಳನ್ನು ತಾನೇ ನಿಲ್ಲಿಸುತ್ತದೆ. 10 ಸೆಕೆಂಡಿನಲ್ಲಿ ಗಾಡಿ ಎಷ್ಟು ದೂರ ಹೋಗುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ಕಾಲ್ ಬಂದಾಗ ಗಾಡಿ ನಿಲ್ಲಿಸುವ ಆಯ್ಕೆ ಆ್ಯಪ್‌ನಲ್ಲೇ ಇದೆ, ಅದನ್ನೂ ಹಾಕಿ. ಇದಕ್ಕಿಂತ ಸುಲಭ: ಓಡಿಸುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಮಾಡುವುದು. ಕಾಲೂ ಇಲ್ಲ, ಇನ್ನೊಂದು ಕಿರಿಕಿರಿಯೂ ತಪ್ಪುತ್ತದೆ. ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಫೋನ್ ತಾನೇ ಅದನ್ನು ಬಿಟ್ಟು ಮೊಬೈಲ್ ಡೇಟಾಗೆ ಹೋಗಿಬಿಡುತ್ತದೆ. 'ಫೋನ್ ಆಗಾಗ ಕಡಿದು ಹೋಗುತ್ತದೆ' ಎನ್ನುವ ದೂರಿಗೆ ಬಹಳ ಸಲ ಕಾರಣ ಇದೇ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಕೂಡ ಆ್ಯಪನ್ನು ಮಲಗಿಸುತ್ತದೆ, ಎಂಜಿನ್ ಡ್ರೈವರ್‌ಗೆ ಅದರಿಂದ ವಿನಾಯಿತಿ ಕೊಡಿ.

ಲ್ಯಾಪ್‌ಟಾಪ್ ಕೂಡ ಅಷ್ಟೇ. ಅದು ನಿದ್ದೆಗೆ ಜಾರಿದರೆ ಎಲ್ಲ ಫೋನುಗಳೂ ಒಟ್ಟಿಗೆ ಕೈಬಿಡುತ್ತವೆ, ಆಗ ನಿಲ್ಲಿಸಲು ಜೆಎಂಆರ್‌ಐ ಕೂಡ ಎಚ್ಚರ ಇರುವುದಿಲ್ಲ. ಸ್ಲೀಪ್ ಆಫ್ ಮಾಡಿ, ಚಾರ್ಜರ್ ಹಾಕಿಡಿ. ಡಿಸಿಸಿ-ಇಎಕ್ಸ್ ಇಟ್ಟುಕೊಂಡ ಓದುಗರಿಗೆ ಒಂದು ಮಾತು: ಮೆಗಾ ಬೋರ್ಡ್‌ಗೆ ಇಎಸ್‌ಪಿ8266 ವೈಫೈ ಹಾಕಿದ್ದರೆ ಒಟ್ಟಿಗೆ 5 ಸಂಪರ್ಕ ಮಾತ್ರ ಸಿಗುತ್ತದೆ. ಆರನೆಯ ಅಳಿಯ ಬಂದರೆ ಕಾಯಬೇಕು.

ನನ್ನ ಅಭಿಪ್ರಾಯ ಕೇಳಿದರೆ ಫೋನ್ ಅತಿಥಿಗಳಿಗೆ ಸಾಕು, ಮನೆಯವರಿಗೆ ಬೇಡ. ಗಾಜಿನ ಮೇಲೆ ಸ್ಲೈಡರ್ ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗುವುದಿಲ್ಲ, ಕಣ್ಣು ಕೆಳಗೆ ಹೋಗುತ್ತದೆ, ಆಗಲೇ ಗಾಡಿ ಸಿಗ್ನಲ್ ದಾಟಿರುತ್ತದೆ. ಆ್ಯಪ್‌ನಲ್ಲಿ ಫೋನಿನ ವಾಲ್ಯೂಮ್ ಗುಂಡಿಯಿಂದಲೇ ಸ್ಪೀಡ್ ಏರಿಸಿ ಇಳಿಸಬಹುದು. ಅಷ್ಟಾದರೂ ಮಾಡಿಕೊಳ್ಳಿ, ಬೆರಳಿಗೆ ಹಿಡಿತ ಸಿಗುತ್ತದೆ.

ಜೋಡಿ ಎಂಜಿನ್ ಮಲಗಿದ್ದು ಸಿವಿ 19ರಿಂದ ಇರಬೇಕು. ಎರಡು ಎಂಜಿನ್ನನ್ನು ಒಂದೇ ನಾಬ್‌ಗೆ ಕಟ್ಟಿದಾಗ ಕಮಾಂಡ್ ಸ್ಟೇಷನ್ ಎರಡರ ಸಿವಿ 19ರಲ್ಲೂ ಜೋಡಿಯ ನಂಬರ್ ಬರೆಯುತ್ತದೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ದರೂ ಎಂಜಿನ್ ತನ್ನ ಸ್ವಂತ ನಂಬರ್‌ಗೆ ಬಂದ ಸ್ಪೀಡ್ ಆಜ್ಞೆಯನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಲೈಟು ಹೊತ್ತುತ್ತದೆ, ಹಾರ್ನ್ ಬರುತ್ತದೆ, ಎಂಜಿನ್ ಮಾತ್ರ ಹೊರಡುವುದಿಲ್ಲ. ಈ ಲಕ್ಷಣ ಕಂಡರೆ ಬೇರೆ ಏನೂ ಹುಡುಕಬೇಡಿ, ಪ್ರೋಗ್ರಾಮಿಂಗ್ ಹಳಿಗೆ ಇಟ್ಟು ಸಿವಿ 19ನ್ನು ಸೊನ್ನೆ ಮಾಡಿ. ಜೋಡಿ ಕಟ್ಟಿದವರೇ ಆಟ ಮುಗಿದಾಗ ಬಿಚ್ಚಬೇಕು. ಅಲ್ಲಿಯ ತನಕ ಎರಡೂ ಕಾರ್ಡ್ ಒಂದು ಕ್ಲಿಪ್‌ನಲ್ಲಿ ಒಬ್ಬರ ಕೈಯಲ್ಲೇ ಇರಲಿ.

ನಿಮ್ಮಲ್ಲಿ ನಾಲ್ಕು ಜನ ಇರುವಾಗ ಜೋಡಿ ಕಟ್ಟುವ ಬದಲು ಇನ್ನೊಂದು ಮಾಡಿ ನೋಡಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಹತ್ತುವ ಘಾಟಿಯಲ್ಲಿ 50ಕ್ಕೆ 1ರ ಏರು ಇದೆ. ಭಾರದ ಗಾಡಿಗಳಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ದೂಡುತ್ತದೆ, ಅದಕ್ಕೆ ಬೇರೆಯೇ ಡ್ರೈವರ್. ಅದೇ ಥರ ಮುಂದಿನ ಎಂಜಿನ್ ಒಬ್ಬರಿಗೆ, ಹಿಂದಿನದ್ದು ಇನ್ನೊಬ್ಬರಿಗೆ ಕೊಡಿ. ಎರಡು ನಂಬರ್, ಎರಡು ಕಾರ್ಡ್, ಗಾಡಿ ಮಾತ್ರ ಒಂದು. ಹೊರಡುವಾಗ ಮುಂದಿನವರು ಹಾರ್ನ್ ಹೊಡೆಯಬೇಕು, ಹಿಂದಿನವರು ಹಾರ್ನ್‌ನಲ್ಲೇ ಉತ್ತರ ಕೊಡಬೇಕು. ಹಿಂದಿನವರು ಜಾಸ್ತಿ ದೂಡಿದರೆ ತಿರುವಿನಲ್ಲಿ ವ್ಯಾಗನ್ ಹೊರಗೆ ಹಾರುತ್ತದೆ, ಕಡಿಮೆ ದೂಡಿದರೆ ಮುಂದಿನ ಚಕ್ರ ಜಾರುತ್ತದೆ. ಮೊದಲೇ ಎರಡೂ ಎಂಜಿನ್ ಒಂದೇ ಮೆಟ್ಟಿಲಲ್ಲಿ ಒಂದೇ ವೇಗದಲ್ಲಿ ಹೋಗುವ ಹಾಗೆ ಸಿವಿ 2, 5, 6 ಹೊಂದಿಸಿಕೊಳ್ಳಿ. ಹಲವು ಹ್ಯಾಂಡ್‌ಸೆಟ್ ಇರುವುದರ ನಿಜವಾದ ಮಜಾ ಇದರಲ್ಲಿದೆ.

ಎಲ್ಲರ ಗಾಡಿಯೂ ಒಟ್ಟಿಗೆ ನಿಲ್ಲುವುದು ಹ್ಯಾಂಡ್‌ಸೆಟ್ ಜಗಳವೇ ಅಲ್ಲ, ಶಾರ್ಟ್. ಒಬ್ಬರು ತಪ್ಪು ಕಡೆಗೆ ಬಿದ್ದ ಪಾಯಿಂಟ್‌ಗೆ ಗಾಡಿ ನುಗ್ಗಿಸುತ್ತಾರೆ, ಚಕ್ರ ಎರಡು ಹಳಿಯನ್ನು ಕೂಡಿಸುತ್ತದೆ, ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಕೈಯೆತ್ತುತ್ತದೆ. ಉಳಿದ ಮೂವರಿಗೆ ತಮ್ಮ ಹ್ಯಾಂಡ್‌ಸೆಟ್ ಕೆಟ್ಟಿತೆಂದು ಅನಿಸುತ್ತದೆ. ಲೇಔಟನ್ನು ಎರಡು ಅಥವಾ ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಒಂದು ಡಿಸಿಸಿ ಸರ್ಕ್ಯೂಟ್ ಬ್ರೇಕರ್ ಹಾಕಿದರೆ ತಪ್ಪು ಮಾಡಿದವರ ಕಡೆ ಮಾತ್ರ ನಿಲ್ಲುತ್ತದೆ. ಪಾಯಿಂಟ್ಸ್ ಎಲ್ಲವನ್ನೂ ಒಬ್ಬರಿಗೇ ಕೊಟ್ಟು ಅವರನ್ನು ಸ್ಟೇಷನ್ ಮಾಸ್ಟರ್ ಮಾಡಿದರೆ ಇನ್ನೂ ಒಳ್ಳೆಯದು. ನಾಲ್ಕು ಜನರಲ್ಲಿ ಮೂವರು ಡ್ರೈವರ್, ಒಬ್ಬರು ಮಾಸ್ಟರ್. ಮಾಸ್ಟರ್ ಕೆಲಸ ಬೇಡ ಎನ್ನುವವರು ಒಂದು ದಿನ ಮಾಡಿ ನೋಡಲಿ, ಆಮೇಲೆ ಬಿಡುವುದಿಲ್ಲ.

ಒಂದು ವೇಳೆ ಶಾರ್ಟ್ ಇಲ್ಲದೆಯೂ ಬೂಸ್ಟರ್ ಬಿದ್ದರೆ ಆಗ ಕರೆಂಟಿನ ಲೆಕ್ಕ ನೋಡಬೇಕು. ಎಚ್‌ಒ ಎಂಜಿನ್ ಒಂದಕ್ಕೆ ಅರ್ಧ ಆಂಪಿಯರ್ ಎಂದು ಹಿಡಿಯಿರಿ, ಸೌಂಡ್ ಇದ್ದರೆ ಇನ್ನೂ ಸ್ವಲ್ಪ. ಓಡುವ ಎಂಜಿನ್ ಎಷ್ಟು ಅನ್ನುವುದು ಇಲ್ಲಿ ಮುಖ್ಯ, ಹ್ಯಾಂಡ್‌ಸೆಟ್ ಎಷ್ಟು ಅನ್ನುವುದಲ್ಲ. ಸಾಲದಿದ್ದರೆ ಬೂಸ್ಟರ್ ಸೇರಿಸಿ, ಕಮಾಂಡ್ ಸ್ಟೇಷನ್ ಅದೇ ಇರಲಿ.

ಕರೆಂಟ್ ಹೋಗಿ ಬರುವುದು ನಮ್ಮ ಕರಾವಳಿಯಲ್ಲಿ ಮಳೆಗಾಲದ ಮಾಮೂಲು ಅಲ್ವಾ? ಕಮಾಂಡ್ ಸ್ಟೇಷನ್, ರೌಟರ್ ಎರಡನ್ನೂ ಚಿಕ್ಕ ಯುಪಿಎಸ್‌ಗೆ ಹಾಕಿ. ಜೊತೆಗೆ ಪ್ರತಿ ಡಿಕೋಡರ್‌ನ ಸಿವಿ 29ರಲ್ಲಿ ಅನಲಾಗ್ ಓಟ ಆಫ್ ಮಾಡಿ. ಅದಕ್ಕೆ ಈಗಿರುವ ಸಂಖ್ಯೆಯಿಂದ 4 ಕಳೆಯಬೇಕು: 38 ಇದ್ದರೆ 34, 6 ಇದ್ದರೆ 2. ಕರೆಂಟ್ ಅರೆಬರೆ ಬಂದಾಗ ಡಿಕೋಡರ್ ಅದನ್ನು ಹಳೆ ಡಿಸಿ ಎಂದು ತಿಳಿದು ಫುಲ್ ಸ್ಪೀಡ್‌ನಲ್ಲಿ ಓಡುವುದು ಇದರಿಂದ ತಪ್ಪುತ್ತದೆ.

ಕೇಬಲ್ ಬಗ್ಗೆ ಎರಡು ಮಾತು. ಅಂಗಡಿಯಲ್ಲಿ ಸಿಗುವ ಟೆಲಿಫೋನ್ ವೈರ್ ಹೆಚ್ಚಾಗಿ ಎರಡು ಅಥವಾ ನಾಲ್ಕು ತಂತಿಯದ್ದು, ಲೋಕೋನೆಟ್‌ಗೆ ಆರು ತಂತಿಯ ಆರ್‌ಜೆ12 ಬೇಕು. ಎಕ್ಸ್‌ಪ್ರೆಸ್‌ನೆಟ್‌ಗೆ ನಾಲ್ಕು ತಂತಿ ಸಾಕು, ಆದರೆ ಮರದ ಕೊಂಬೆಗಳ ಹಾಗೆ ಎಲ್ಲೆಲ್ಲೋ ಕವಲೊಡೆಸದೆ ಒಂದೇ ಸಾಲಿನಲ್ಲಿ ಎಳೆಯಿರಿ. ಲೇಔಟ್ ಅಂಚಿನ ಸಾಕೆಟ್‌ಗಳ ಪಿನ್ ಉಪ್ಪುಗಾಳಿಗೆ ಹಸಿರು ಹಿಡಿಯುತ್ತದೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಂದೊಂದಕ್ಕೂ ಹ್ಯಾಂಡ್‌ಸೆಟ್ ಚುಚ್ಚಿ ನೋಡಿ.

ಕೊಳ್ಳುವ ವಿಷಯ. ಮೊದಲು ಕಾರ್ಡ್ ಮಾಡಿ, ನಂಬರ್ ಸರಿ ಮಾಡಿ, ಒಂದು ರಜೆ ಹಾಗೇ ಓಡಿಸಿ. ಆಮೇಲೂ ಬೇಕೆನಿಸಿದರೆ ಎಕ್ಸ್‌ಪ್ರೆಸ್‌ನೆಟ್‌ದೇ ಎನ್‌ಕೋಡರ್ ನಾಬ್ ಇರುವ ಹ್ಯಾಂಡ್‌ಸೆಟ್ ತೆಗೆದುಕೊಳ್ಳಿ. ವೈರ್ ಬೇಡ ಎನಿಸಿದರೆ ವೈಫೈದು. ವಿದೇಶದಿಂದ ತರಿಸುವವರು ರೇಡಿಯೋ ಹ್ಯಾಂಡ್‌ಸೆಟ್‌ನ ಬ್ಯಾಂಡ್ ಓದಿಕೊಳ್ಳಿ. ಅಮೆರಿಕದ ಕೆಲವು 900 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ, ನಮ್ಮ ದೇಶದಲ್ಲಿ ಅದು ಲೈಸೆನ್ಸ್ ಇಲ್ಲದೆ ಬಳಸುವ ಬ್ಯಾಂಡ್ ಅಲ್ಲ. 2.4 ಗಿಗಾಹರ್ಟ್ಜ್‌ದಾದರೆ ತೊಂದರೆ ಇಲ್ಲ. ಮತ್ತೆ, ಕೊಳ್ಳುವ ಮೊದಲು ಸ್ಟಾಪ್ ಗುಂಡಿ ಏನು ಮಾಡುತ್ತದೆ ಎಂದು ಕೇಳಿ. ಕೆಲವುದರಲ್ಲಿ ಒತ್ತಿದರೆ ನಿಮ್ಮ ಎಂಜಿನ್ ಮಾತ್ರ ನಿಲ್ಲುತ್ತದೆ, ಕೆಲವುದರಲ್ಲಿ ಇಡೀ ಲೇಔಟಿನ ಕರೆಂಟೇ ಹೋಗುತ್ತದೆ. ಚಿಕ್ಕ ಮಕ್ಕಳ ಕೈಗೆ ಮೊದಲಿನದ್ದು ಕೊಡಿ, ಎರಡನೆಯದ್ದು ನಿಮ್ಮ ಹತ್ತಿರ ಇಟ್ಟುಕೊಳ್ಳಿ.